ಹೊನ್ನಕ್ಕನ ಗೋಡೆ ಮತ್ತು ನಮ್ಮ ಡ್ರಾಯಿಂಗ್ ಮೇಷ್ಟ್ರು

ಚಿತ್ರದುರ್ಗ ಜಿಲ್ಲೆಯಲ್ಲಿ ಬೀದಿಯನ್ನೇ ತರಗತಿ ಮಾಡಿಕೊಂಡ ಚಿತ್ರಕಲಾ ಶಿಕ್ಷಕರು ವಿರಳ. ಶ್ರೀ ಚಿತ್ರಲಿಂಗಪ್ಪನವರು ಅವರಲ್ಲಿ ಮೊದಲಿಗರೆಂದು ಹೇಳಲು ನನ್ನ ಬಳಿ ಆಧಾರವಿಲ್ಲ, ಆದ್ದರಿಂದ ಹೇಳುವುದಿಲ್ಲ. ಎಲ್ಲರಿಗಿಂತ ಹಟಮಾರಿ ಎಂದು ಹೇಳಲು ಬೇಕಾದಷ್ಟು ಆಧಾರವಿದೆ. ಈ ತಿಂಗಳ ಕೊನೆಗೆ ಅವರು ಸರ್ಕಾರಿ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ.

ಬಾಗೂರಿನಲ್ಲಿ ಹುಟ್ಟಿದ ಅವರು ಹಿರಿಯೂರಿನಲ್ಲಿ ಸೇವೆಗೆ ಸೇರಿ, ಹೊಳಲ್ಕೆರೆಯಲ್ಲಿ ಕೆಲವು ವರ್ಷ ಕಲಿಸಿ, ಕೊನೆಗೆ ಹೊಸದುರ್ಗದಲ್ಲಿ ನೆಲೆಸಿದರು. ಕಲಿಸಿದ ಮೂರೂ ಊರುಗಳಲ್ಲಿ ಶಾಲೆಗೆ ಹೋಗುತ್ತಿದ್ದುದು ಸೈಕಲ್ಲಿನಲ್ಲಿ. “ಸಂಬ್ಳ ಬರ್ತೈತೆ, ಒಂದು ಬೈಕ್ ತಗಳ್ರಿ ಮೇಷ್ಟ್ರೇ, ನಮ್ ಮರ್ಯಾದಿ ಉಳಿಸ್ರಿ” ಎಂದು ಸಹೋದ್ಯೋಗಿ ತಿಪ್ಪೇಶ್ ಛೇಡಿಸಿದರೆ, “ಬೈಕಿನಾಗೆ ಹೋದ್ರೆ ಊರು ಬೇಗ ಮುಗ್ದೋಗುತ್ತಪ್ಪ” ಎನ್ನುತ್ತಿದ್ದರು.

ಭಾನುವಾರ ಬೆಳಿಗ್ಗೆ ನಾವು ವಿದ್ಯಾರ್ಥಿಗಳು ಸೈಕಲ್ಲೇರಿ ಅವರ ಹಿಂದೆ ಊರು ಸುತ್ತಬೇಕಿತ್ತು. ದಾರಿಯಲ್ಲಿ ಪೆನ್ಸಿಲ್ ಮುಟ್ಟುವಂತಿರಲಿಲ್ಲ. ಚಹಾ ಅಂಗಡಿಯ ಮುಂದೆ ಇಳಿದ ಮೇಲೆ, ಪಂಕ್ಚರ್ ಅಂಗಡಿಯಲ್ಲಿ ನೇತಾಡುತ್ತಿದ್ದ ಟ್ಯೂಬುಗಳನ್ನೋ ತಳ್ಳುಗಾಡಿಯ ಕೆಳಗೆ ಮಲಗಿದ್ದ ನಾಯಿಯನ್ನೋ ನೆನಪಿನಿಂದ ಬರೆಯಬೇಕು. ಕೈ ತಡವರಿಸಿದರೆ, “ನೀನು ನೋಡೇ ಇಲ್ಲ. ಹೋಗು, ಇನ್ನೊಂದು ರೌಂಡು ಹೊಡ್ಕಂಡು ಬಾ” ಎನ್ನುತ್ತಿದ್ದರು. ಹಾಗೆ ಹೆಚ್ಚು ರೌಂಡು ಹೊಡೆದವಳು ನಾನು. ನಮ್ಮ ದೊಡ್ಡಪ್ಪ “ಹೆಣ್ಣುಡುಗಿ ಬೀದಿಯಾಗೆ ನಿಂತು ಚಿತ್ರ ಬರಿಯಾದಾ?” ಎಂದು ತಡೆದಾಗ ಮೇಷ್ಟ್ರು ಮನೆಗೇ ಬಂದು, “ರಂಗೋಲಿ ಏನ್ ಅಟ್ಟದ ಮ್ಯಾಲೆ ಹಾಕ್ತಾರೇನ್ರಿ?” ಎಂದು ಕೇಳಿದರು. ಮುಂದಿನ ಭಾನುವಾರ ದೊಡ್ಡಪ್ಪನೇ ನನ್ನ ಸೈಕಲ್ಲಿಗೆ ಗಾಳಿ ಹೊಡೆದುಕೊಟ್ಟರು. ನಾನು ಇಂದು ಪತ್ರಿಕೆಯಲ್ಲಿ ಕಂಡದ್ದನ್ನು ಕಂಡಂತೆ ಬರೆದು ಬದುಕುತ್ತಿರುವುದಕ್ಕೆ ಆ ಪ್ರಶ್ನೆ ಕಾರಣ.

ಇನ್ನು ಗೋಡೆಯ ಪ್ರಕರಣ. ಅದನ್ನು ಊರು ಹಲವು ಬಗೆಯಲ್ಲಿ ಹೇಳುತ್ತದೆ. ನಾನು ಸ್ಥಳದಲ್ಲಿದ್ದುದರಿಂದ ನಡೆದಷ್ಟನ್ನು ಮಾತ್ರ ಹೇಳುತ್ತೇನೆ. ಹೊಸದುರ್ಗದ ಎಣ್ಣೆ ಮಿಲ್ಲಿನ ಸಾಹುಕಾರ ಉಗ್ರಪ್ಪನವರ ಹಿಂಗೋಡೆಗೆ ಜನ ಮೂತ್ರ ಮಾಡುತ್ತಿದ್ದರು. ದೇವರ ಚಿತ್ರವಿದ್ದರೆ ಮಾಡುವುದಿಲ್ಲವೆಂದು ಉಗ್ರಪ್ಪನವರು ಮೇಷ್ಟ್ರನ್ನು ಕರೆದರು. ಮೇಷ್ಟ್ರು ಬರೆದದ್ದು ಎದುರಿಗೇ ಕೂತು ಮಂಡಕ್ಕಿ ಮಾರುವ ಹೊನ್ನಕ್ಕನನ್ನು, ಆಕೆಯ ಒಪ್ಪಿಗೆ ಪಡೆದು. ಆಕೆಯ ಷರತ್ತು ಒಂದೇ: “ಬರ್ಕಳ್ರಿ, ದಪ್ಪ ಬರೀಬ್ಯಾಡ್ರಿ.”

ಉಗ್ರಪ್ಪನವರು ಕೆರಳಿದರು. “ವೆಂಕಟ್ರಮಣನ್ನ ಬರೀರಿ ಅಂದ್ರೆ ಮಂಡಕ್ಕಿಯೋಳನ್ನ ಕುಂದ್ರಿಸೀರಲ್ರೀ!”

“ದೇವರಿಗೆ ವಾಚ್‌ಮನ್ ಕೆಲ್ಸ ಕೊಡಬ್ಯಾಡ್ರಿ ಸಾಹುಕಾರ್ರೇ.”

“ಸುಣ್ಣ ಹೊಡಿಸ್ತೀನಿ.”

“ಹೊಡಿಸ್ರಿ. ಒಣಗಿದ ಮ್ಯಾಲೆ ಮತ್ತೆ ಬರೀತೀನಿ.”

ಗೋಡೆ ಉಗ್ರಪ್ಪನವರದು, ಕಾನೂನು ಅವರ ಕಡೆಗಿತ್ತು ಎಂಬುದನ್ನು ಇಲ್ಲಿ ದಾಖಲಿಸಬೇಕು. ಆದರೆ ಎದುರಿಗೊಬ್ಬ ಹೊನ್ನಕ್ಕ, ಗೋಡೆಯ ಮೇಲೊಬ್ಬ ಹೊನ್ನಕ್ಕ ಇರುವಾಗ ಲುಂಗಿ ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ. ವಾಸನೆ ಹೋಯಿತು, ಸುಣ್ಣದ ಮಾತು ದೀಪಾವಳಿಗೆ ಮುಂದೂಡಲ್ಪಟ್ಟಿತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಮಿಲ್ಲಿನ ಯಂತ್ರಗಳಿಗೆಲ್ಲ ಹಾರ ಹಾಕಿದ ಆಳುಗಳು, ಉಳಿದ ಒಂದು ಸೇವಂತಿಗೆ ಹಾರವನ್ನು ಭಕ್ತಿಯಿಂದಲೇ ಹೊನ್ನಕ್ಕನ ಚಿತ್ರಕ್ಕೆ ಏರಿಸಿ ಕುಂಕುಮ ಇಟ್ಟರು. ಯಾರೋ ಫೋಟೊ ತೆಗೆದು ವಾಟ್ಸಾಪಿನಲ್ಲಿ ಬಿಟ್ಟರು. ಮರುದಿನ ಹೊನ್ನಕ್ಕ ಶಾಲೆಯ ಗೇಟಿಗೇ ಬಂದಳು.

“ಬದುಕಿರೋಳ ಚಿತ್ರಕ್ಕೆ ಹಾರ ಹಾಕ್ತಾರೇನ್ರೀ? ಮಾಡದಕೆರೆಯಿಂದ ನನ್ ತಂಗಿ ಎದೆ ಬಡ್ಕಂಡು ಬಸ್ ಹತ್ಯಾಳೆ! ಅಳಿಸ್ರಿ ಮೇಷ್ಟ್ರೇ.”

ಸಾಹುಕಾರರಿಗೆ ಬಗ್ಗದ ಮೇಷ್ಟ್ರು ಆಕೆಗೆ ಕೂಡಲೇ ಒಪ್ಪಿದರು. ಗೋಡೆ ಯಾರದ್ದಾದರೂ ಮುಖ ಆಕೆಯದು. ಸಂಜೆ ಅವರೇ ಸುಣ್ಣದ ಬಕೆಟ್ಟನ್ನು ಹ್ಯಾಂಡಲಿಗೆ ತೂಗುಹಾಕಿಕೊಂಡು ಬಂದರು. ಇಷ್ಟಪಟ್ಟು ಬರೆದ ಮುಖಕ್ಕೆ ಬ್ರಷ್ ಎತ್ತಿದಾಗ ಅವರು ನಮ್ಮ ಕಡೆ ನೋಡಲಿಲ್ಲ. ಮಿಲ್ಲಿನ ಹಿಂಬಾಗಿಲಲ್ಲಿ ನಿಂತಿದ್ದ ಉಗ್ರಪ್ಪನವರು ನಕ್ಕರು: “ಕೊನಿಗೂ ದಾರಿಗೆ ಬಂದ್ರಿ. ಇನ್ನು ವೆಂಕಟ್ರಮಣನ್ನ ಬರೀರಿ.”

ಹೊನ್ನಕ್ಕ ಸರ್ರನೆ ತಿರುಗಿದಳು. ಉಗ್ರಪ್ಪನವರನ್ನೊಮ್ಮೆ, ಬಕೆಟ್ಟನ್ನೊಮ್ಮೆ ನೋಡಿ, ಮೇಷ್ಟ್ರ ಕೈ ತಡೆದಳು.

“ಏ ತಡೀರಿ. ಇವ್ರು ಗೆಲ್ಲಾಕೆ ನಾನ್ಯಾಕೆ ಅಳಿಸಿ ಹೋಗ್ಲಿ? ಬಾಯಿ ಮುಚ್ಕಂಡಿರಾಳಂಗೆ ಬರ್ದಿದ್ದೇ ತಪ್ಪು ನೀವು. ಬೈತಿರಾಳಂಗೆ ಬರೀರಿ. ಬೈಯಾಳಿಗೆ ಯಾವನ್ ಹಾರ ಹಾಕ್ತಾನೆ ನೋಡಾಣ!”

ಮೇಷ್ಟ್ರು ಅಲ್ಲೇ ನಿಂತು ಬಾಯಿ ತಿದ್ದಿದರು. ಆ ಹೊನ್ನಕ್ಕ ಇಂದಿಗೂ ಬೈಯುತ್ತಲೇ ಇದ್ದಾಳೆ. ದೀಪಾವಳಿಗಳು ಬಂದು ಹೋದವು, ಸುಣ್ಣ ಬೀಳಲಿಲ್ಲ.

ನಿವೃತ್ತರು ವಿಶ್ರಾಂತಿ ಪಡೆಯಲೆಂದು ಹಾರೈಸುವುದು ಇಂಥ ಅಭಿನಂದನ ಗ್ರಂಥಗಳ ವಾಡಿಕೆ. ನಾನು ಹಾಗೆ ಹಾರೈಸಲಾರೆ. ಅವರು ಹುಟ್ಟಿದ, ಕಲಿಸಿದ ನಾಲ್ಕೂ ಊರುಗಳಲ್ಲಿ ಖಾಲಿ ಗೋಡೆಗಳು ಇನ್ನೂ ಬಹಳ ಇವೆ. ಚಿತ್ರಲಿಂಗಪ್ಪ ಮೇಷ್ಟ್ರಿಗೆ ದೀರ್ಘಾಯುಸ್ಸನ್ನೂ, ಆ ಗೋಡೆಗಳ ಮಾಲೀಕರಿಗೆ ತಾಳ್ಮೆಯನ್ನೂ ಕೋರುತ್ತೇನೆ.