ಲೋಕಪ್ಪನ ತಗಡುಗಳು

ಮೊನ್ನೆ ನಮ್ಮ ಓಣಿಯಲ್ಲಿ ಕಲಾಯಿಯವನೊಬ್ಬ ಬಂದು ಒಲೆ ಹೂಡಿದ್ದ. ಈಗಲೂ ಕಲಾಯಿಯವರು ಇದ್ದಾರೆಯೇ ಎಂದು ನೀವು ಕೇಳಬಹುದು, ನನಗೂ ಆಶ್ಚರ್ಯವೇ. ಪಾತ್ರೆಗೆ ತವರ ಹಿಡಿಸಲು ಹಾಕುವ ನವಸಾಗರದ ಹೊಗೆ ಮೂಗಿಗೆ ಬಡಿದದ್ದೇ ತಡ, ಎದ್ದು ಕಿಟಕಿಗೆ ಹೋದೆ. ವಯಸ್ಸಾದವರಿಗೆ ಹೊಗೆ ಆಗದು ಎಂದು ಸೊಸೆ ಕಿಟಕಿ ಮುಚ್ಚಿದಳು. ನನಗೆ ಆ ಹೊಗೆಯಲ್ಲಿ ಅವ್ವನ ನೆನಪಾಗಿತ್ತು.

ಎರಡನೇ ಮಹಾಯುದ್ಧಕ್ಕೆ ಮುಂಚೆ, ನಮ್ಮೂರು ಹಾನಗಲ್ಲಿನ ಗುಡಿಯ ಕಲ್ಲಿನ ಛತ್ತು ನೋಡಲು ಬಂದ ಇಟಲಿಯ ಲೂಕಾ ನಮ್ಮ ಹೊರಕೋಣೆಯಲ್ಲೇ ಉಳಿದುಬಿಟ್ಟ. ಅವ್ವನ ಬಾಯಲ್ಲಿ ಅವನು ಲೋಕಪ್ಪ. ಅವಳಿಂದಲೇ ಕನ್ನಡ ಕಲಿತ. ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ, ಮಸಿ ತುಂಬಿ, ಕಾಗದಕ್ಕೆ ಒತ್ತುವುದು ಅವನ ಕೆಲಸ. ಅದರಲ್ಲಿ ಮನುಷ್ಯರಿಲ್ಲ, ಮರವಿಲ್ಲ, ಬರೀ ಗೆರೆ. ಕೋಳಿ ಕೆದರಿದ್ದಕ್ಕೂ ಇದಕ್ಕೂ ಏನು ಫರಕು ಎಂದು ಮಂದಿ ನಗುತ್ತಿದ್ದರು. ಆನೆ ಇದ್ದರೆ ಮಾತ್ರ ಚಿತ್ರ ಎಂದು ತಿಳಿದಿದ್ದ ನಾನೂ ನಗುತ್ತಿದ್ದೆ. ಅವ್ವನಿಗೆ ಅಡುಗೆಮನೆ ಬಿಟ್ಟು ಬಂದು ನೋಡಲು ಪುರಸೊತ್ತಿರಲಿಲ್ಲ. ಚಿತ್ರವೆಂದರೆ ಕಾಗದದ ಮೇಲಿನದಷ್ಟೇ ಅಂದುಕೊಂಡಿದ್ದಳು.

ಇಟಲಿ ಶತ್ರುದೇಶವಾದಾಗ ಪೊಲೀಸ್ ಫೌಜದಾರರು ಬಂದರು. ನಕಾಶೆಗಳಿರಬಹುದೆಂದು ಕಾಗದಗಳನ್ನೆಲ್ಲ ಜಪ್ತಿ ಮಾಡಿದರು. ತಗಡುಗಳನ್ನು ಪಾತ್ರೆಸಾಮಾನೆಂದು ಬಿಟ್ಟರು.

"ಇವು ಇದ್ರ ನಾ ಇದ್ದಂಗ. ಜ್ವಾಕಿ, ಅವ್ವಾ," ಎಂದು ತಗಡುಗಳನ್ನು ಅವಳ ಕೈಗೊಪ್ಪಿಸಿ ಲೂಕಾ ಫೌಜದಾರರ ಜೊತೆ ಧಾರವಾಡಕ್ಕೆ ಹೋದ.

ಮಳೆಗಾಲದಲ್ಲಿ ತಗಡಿಗೆ ಕಿಲುಬು ಹತ್ತಿತು. ತಾಮ್ರದ ಜೋಪಾನ ಅವ್ವನಿಗೆ ಗೊತ್ತಿದ್ದದ್ದು ಒಂದೇ ರೀತಿ. ಹುಣಸೆಹಣ್ಣು ಹಚ್ಚಿ ತಿಕ್ಕಿದಳು, ಕಲಾಯಿಯವನನ್ನು ಕರೆಸಿದಳು. ಅವನು ತವರ ಕರಗಿಸಿ ಒರೆಸಿದ. ಗೀರೆಲ್ಲ ತುಂಬಿ ತಗಡು ಬೆಳ್ಳಗೆ ಹೊಳೆಯಿತು. ಲೂಕಾ ಒಂದು ಎತ್ತನ್ನೋ ಕುದುರೆಯನ್ನೋ ಕೊರೆದಿದ್ದರೆ ಅವಳು ಮುಟ್ಟುತ್ತಿರಲಿಲ್ಲ.

ದೂರದ ಕೈದಿಗಳ ಕ್ಯಾಂಪಿಗೆ ಕಳಿಸುವ ಮುನ್ನ, ಸಾಮಾನು ಒಯ್ಯಲೆಂದು ಪೊಲೀಸನೊಬ್ಬ ಲೂಕಾನನ್ನು ಕರೆತಂದ. ಅವ್ವ ಹೆಮ್ಮೆಯಿಂದ ತಗಡುಗಳನ್ನು ಮುಂದಿಟ್ಟಳು. ಅವನು ಒಂದೊಂದರ ಮೇಲೂ ಹೆಬ್ಬೆರಳು ಆಡಿಸಿದ. ಮುಖ ಬಿಳಿಚಿಕೊಂಡಿತು. ತಗಡುಗಳನ್ನು ಅವ್ವನ ಕೈಗೇ ತಿರುಗಿ ಕೊಟ್ಟ.

"ಛಲೋ ಆಗ್ಯಾವ. ಇದರಾಗ ಊಟಕ್ಕ ಹಾಕ್ರಿ."

ರೊಟ್ಟಿ, ಪುಂಡಿಪಲ್ಯ ಅದರ ಮೇಲೇ ಹಾಕಿಸಿಕೊಂಡು ಉಂಡ. ತಗಡುಗಳನ್ನು ಒಯ್ಯಲಿಲ್ಲ. ಅವನ ಸುದ್ದಿ ಮತ್ತೆ ಬರಲಿಲ್ಲ.

ಅವ್ವ ಅವನ್ನು ಗಡಿಗೆಗೆ ಮುಚ್ಚಳ ಮಾಡಿಕೊಂಡಳು. ಬೂದಿಯಿಂದ ತಿಕ್ಕಿ ತಿಕ್ಕಿ ಮೇಲಿನ ಕಲಾಯಿ ಸವೆಯಿತು. ಗೀರಿನೊಳಗಿನ ತವರ ಉಳಿಯಿತು. ಒಂದು ಮುಂಜಾನೆ ನೋಡಿದರೆ ಕೆಂಪು ತಾಮ್ರದ ಮೇಲೆ ಬಿಳಿ ಗೆರೆಗಳೆಲ್ಲ ಎದ್ದಿದ್ದವು. ಅಪ್ಪನನ್ನು ಕರೆದು ತೋರಿಸಿದಳು. ಲೂಕಾ ಕಾಗದಕ್ಕೆ ಒತ್ತುತ್ತಿದ್ದದ್ದು ಇವನ್ನೇ, ಗೀರು ತುಂಬಿದರೆ ಮಸಿ ನಿಲ್ಲದು, ಚಿತ್ರ ಮೂಡದು ಎಂದು ಅಪ್ಪ ಹೇಳಿದ. ಅವ್ವ ಲೂಕಾನಂತೆಯೇ ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದಳು.

"ಗೊತ್ತಾಗಿನೂ ಉಂಡು ಹ್ವಾದ," ಅಂದಳು.

ಆಮೇಲೆ ಮನೆಗೆ ಬಂದವರು ಊಟ ಚೆನ್ನಾಗಿದೆ ಎಂದರೂ ಅವ್ವ ನಂಬುತ್ತಿರಲಿಲ್ಲ. ಖರೇ ಹೇಳಿರೆಂದು ಬೆನ್ನು ಹತ್ತುತ್ತಿದ್ದಳು. ಸಾಯುವವರೆಗೂ ಹಾಗೆಯೇ.

ಲೂಕಾ ಅಂದು ಬೈಯದೆ ಉಂಡದ್ದನ್ನು ದೊಡ್ಡತನವೆಂದೇ ಇಷ್ಟು ವರ್ಷ ಹೇಳಿಕೊಂಡು ಬಂದೆ. ಮೊನ್ನೆ ಮುಚ್ಚಿದ ಕಿಟಕಿಯ ಬಳಿ ಕೂತಾಗ ಅದು ಸುಳ್ಳೆನಿಸಿತು. ಅಂದೇ ಬೈದು ಹೋಗಿದ್ದರೆ ಅವ್ವ ಒಂದು ದಿನ ಅತ್ತು ಮುಗಿಸುತ್ತಿದ್ದಳು.