ಹೂಂ ಅನ್ನುವವರು ಬೇಕಾಗಿದ್ದಾರೆ

ಕನ್ನಡದಲ್ಲಿ ಅತ್ಯಂತ ಅಗ್ಗದ ಮಾತು ಯಾವುದೆಂದು ಕೇಳಿದರೆ ನಾನು ಹಿಂದುಮುಂದು ನೋಡದೆ 'ಹೂಂ' ಎಂದುಬಿಡುತ್ತೇನೆ. ಅದಕ್ಕೆ ತುಟಿ ತೆರೆಯುವ ಶ್ರಮವಿಲ್ಲ, ನಾಲಗೆ ಹೊರಳಿಸುವ ಅಗತ್ಯವಿಲ್ಲ. ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡವರೂ ಸುರಕ್ಷಿತವಾಗಿ ಆಡಬಹುದಾದ ಏಕಮಾತ್ರ ಮಾತು ಅದು. ನಮ್ಮ ಹಾನಗಲ್ಲಿನ ಕಡೆ ಯಾರಾದರೂ ಕತೆಯನ್ನೋ ಊರ ಸುದ್ದಿಯನ್ನೋ ಹೇಳಲು ಕುಳಿತರೆ ಎದುರಿಗೆ ಒಬ್ಬರು ಹೂಂಗುಟ್ಟಲೇಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತದೆ, ಹೇಳುವವರ ಮುಖವೂ ಸಣ್ಣದಾಗುತ್ತದೆ. ಕೇಳುವವರ ಮನಸ್ಸು ನಿಜಕ್ಕೂ ಕತೆಯೊಳಗೆ ಇಳಿದಿದ್ದರೆ ಹೂಂ ಎಂಬುದು ಬಡ್ತಿ ಪಡೆದು 'ಮುಂದ?' ಆಗುತ್ತದೆ. ಇಷ್ಟು ವರ್ಷ ಭೂಗೋಳ ಪಾಠ ಹೇಳಿದ ನನಗೆ ತರಗತಿಯಲ್ಲಿ ಹೂಂಗಳಿಗೇನೂ ಬರವಿರಲಿಲ್ಲ, 'ಮುಂದ?' ಎಂಬ ಬಿರುದನ್ನು ಮಾತ್ರ, ಗಂಟೆಯ ಸದ್ದಿಗೆ ಕಿವಿಗೊಟ್ಟು ಕೂತ ಮಕ್ಕಳಿಂದ ನಾನು ಎಂದೂ ನಿರೀಕ್ಷಿಸಿದವಳಲ್ಲ.

ಇದೆಲ್ಲ ಈಗೇಕೆ ನೆನಪಾಯಿತೆಂದರೆ, ಹೊಸದಾಗಿ ಬಂದಿರುವ ಅಧ್ಯಾಪಕರಿಗೆ ಆನ್‌ಲೈನ್ ಪಾಠವನ್ನು ಸಿದ್ಧಪಡಿಸುವ ಬಗೆಯ ಕುರಿತು ಉಪಯುಕ್ತ ಸಲಹೆಗಳನ್ನು ಕೊಡಬೇಕೆಂದು ನಮ್ಮ ಪ್ರಾಂಶುಪಾಲರು ನನ್ನನ್ನು ಕೇಳಿದ್ದಾರೆ. ನನ್ನನ್ನು! ವಿಡಿಯೋ ಕರೆಯಲ್ಲಿ ಬಹುಕಾಲ ಬಂಧುಗಳಿಗೆಲ್ಲ ಕೇವಲ ಹಣೆಯನ್ನೂ ಮನೆಯ ಜಂತಿಯನ್ನೂ ದರ್ಶನ ಮಾಡಿಸುತ್ತಿದ್ದ ನನ್ನನ್ನು. ಆದರೂ ಕೇಳಿದ್ದಾರೆಂದ ಮೇಲೆ ಹಿಗ್ಗದಿರುವಷ್ಟು ವೈರಾಗ್ಯ ನನಗೆ ಬಂದಿಲ್ಲ.

ಸಂಗತಿ ಹೀಗೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳಲ್ಲಿ ಭೂಗೋಳವನ್ನು ಐಚ್ಛಿಕವಾಗಿ ಆರಿಸಿಕೊಂಡವರು ಬೆರಳೆಣಿಕೆಯವರು. ಪಾಠ ಹೇಳಲು ಉಳಿದವಳು ನಾನೊಬ್ಬಳು. ಆದ್ದರಿಂದ ಎಲ್ಲರನ್ನೂ ಒಂದೇ ಪರದೆಯ ಮೇಲೆ ಕೂಡಿಸಿ, ಬೆಳಗಿನ ಹೊತ್ತು ನಾನು ಮನೆಯಿಂದಲೇ ಪಾಠ ಮಾಡುವುದೆಂದಾಯಿತು. ಪ್ರಾಂಶುಪಾಲರು ಆಗಲೇ ಮೆತ್ತಗೆ ಎಚ್ಚರಿಸಿದ್ದರು: ಹಾಜರಾತಿ ಕುಸಿದರೆ ಭೂಗೋಳದ ಪತ್ರಿಕೆಯನ್ನೇ, ಅಂದರೆ ಆ ವಿಷಯವನ್ನೇ, ಮುಚ್ಚಬೇಕಾಗುತ್ತದೆ, ಮಕ್ಕಳು ಬೇರೆ ವಿಷಯವನ್ನು ಮೊದಲಿಂದ ಓದಬೇಕಾಗುತ್ತದೆ. ಚಿಕ್ಕೇರೂರಿನ ಶಿವಲೀಲಾ ಎಂಬ ಹುಡುಗಿ, ಭೂಗೋಳದ ಟೀಚರಾಗಬೇಕೆಂದು ಮನೆಯಲ್ಲಿ ಹಟ ಹಿಡಿದು ಈ ವಿಷಯ ಆರಿಸಿಕೊಂಡವಳು, ಪತ್ರಿಕೆ ಮುಚ್ಚುವುದಿಲ್ಲ ತಾನೇ ಎಂದು ಮೊದಲ ದಿನವೇ ನನಗೆ ಫೋನು ಮಾಡಿ ಕೇಳಿದ್ದಳು. ನಾನು ಧೈರ್ಯವಾಗಿ ಇಲ್ಲವೆಂದಿದ್ದೆ.

ಧೈರ್ಯ ಮೊದಲ ವಾರಕ್ಕೇ ಸೋರಿತು. ಕಿಟಕಿಗೆ ಬೆನ್ನು ಕೊಟ್ಟು ಕುಳಿತಿದ್ದರಿಂದ ನಾನು ಅವರಿಗೆ ಬರೀ ಕಪ್ಪು ನೆರಳಾಗಿ ಕಂಡೆನಂತೆ. ಬೆಳಕು ಮುಖದ ಮೇಲೆ ಬೀಳುವಂತೆ ಕೂರಬೇಕೆಂಬ ಮೊದಲ ಸಲಹೆ ಹೀಗೆ ಸಿದ್ಧವಾಯಿತು. ನಕಾಶೆಯ ಮೇಲೆ ಬೆರಳಿಟ್ಟು 'ಇಲ್ಲಿ', 'ಅಲ್ಲಿ' ಎನ್ನುತ್ತಿದ್ದೆ. ಬೆರಳು ಯಾರಿಗೂ ಕಾಣುತ್ತಿರಲಿಲ್ಲ. ತೋರಿಸುವುದನ್ನೆಲ್ಲ ಬಾಯಿಬಿಟ್ಟು ಹೇಳಬೇಕೆಂಬುದು ಎರಡನೆಯ ಸಲಹೆ. ಅಂಗೈಯಗಲದ ಫೋನಿನಲ್ಲಿ ನೋಡುವವರಿಗೆ ಒಂದೇ ಪುಟದಲ್ಲಿ ಅಧ್ಯಾಯವನ್ನೆಲ್ಲ ಗಿಡಿದು ತುಂಬಬಾರದೆಂಬುದು ಇನ್ನೊಂದು. ಇವೆಲ್ಲ ತಿದ್ದಿಕೊಳ್ಳಬಹುದಾದ ತಪ್ಪುಗಳು. ತಿದ್ದಲಾಗದೆ ಉಳಿದದ್ದು ಆ ಮೌನ. ಕ್ಯಾಮೆರಾ ಮುಚ್ಚಿ, ಮೈಕು ಮುಚ್ಚಿ, ಹೆಸರು ಬರೆದ ಕಪ್ಪು ಚೌಕಗಳಾಗಿ ಕುಳಿತ ವಿದ್ಯಾರ್ಥಿಗಳ ಎದುರು 'ತಿಳೀತಾ?' ಎಂದು ಕೇಳಿದರೆ, ನನ್ನ ಪ್ರಶ್ನೆ ನನಗೇ ವಾಪಸು ಬರುತ್ತಿತ್ತು. ಒಂದು ದಿನ ಕರೆಂಟು ಹೋಗಿ ನೆಟ್ಟೂ ಹೋಗಿತ್ತು. ಅದು ಗೊತ್ತಾಗದೆ ನಾನು ಕಪ್ಪುಮಣ್ಣಿನ ಗುಣಲಕ್ಷಣಗಳನ್ನು ಗೋಡೆಗೆ ಸವಿಸ್ತಾರವಾಗಿ ವಿವರಿಸಿದೆ. ಗೋಡೆಗೂ ತರಗತಿಗೂ ಏನೇನೂ ವ್ಯತ್ಯಾಸ ಕಾಣದಿದ್ದದ್ದು ಆ ದಿನದ ನಿಜವಾದ ದುಃಖ. ಚೌಕಗಳು ಒಂದೊಂದಾಗಿ ಕಡಿಮೆಯಾಗತೊಡಗಿದವು.

ಈಗ ನಮ್ಮ ಅತ್ತೆಯವರನ್ನು ಪರಿಚಯಿಸಬೇಕು. ಮಾಸೂರಿನ ಮನೆಮಗಳು, ಮಿತಭಾಷಿ. ಅದರಲ್ಲೂ ಸೊಸೆಯ ಮಾತಿಗೆ ಉತ್ತರ ಕೊಡುವುದರಲ್ಲಿ ಅವರ ಮಿತವ್ಯಯ ಪ್ರಸಿದ್ಧವಾದದ್ದು. ನಮ್ಮಿಬ್ಬರ ನಡುವೆ ಜಗಳವಿಲ್ಲ, ಹರಟೆಯೂ ಇಲ್ಲ; ಪಡಸಾಲೆಯನ್ನು ಹಂಚಿಕೊಂಡ ಎರಡು ಸಜ್ಜನ ರಾಜ್ಯಗಳಂತೆ ಇದ್ದೆವು. ನಾನು ಪಾಠ ಮಾಡುವಾಗ ಅವರು ಲ್ಯಾಪ್‌ಟಾಪಿನ ಆಚೆ ಬದಿಗೆ, ನನಗೆ ಎದುರಾಗಿ, ಸವಣೂರಿನ ಎಲೆಗೆ ಸುಣ್ಣ ಸವರಿಕೊಂಡು ಬಾಯಿಗಿಟ್ಟು, ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕುಳಿತಿರುತ್ತಿದ್ದರು.

ಆ ದಿನ ಮುಂಗಾರು ಮಾರುತಗಳ ಪಾಠ. ಗಾಳಿ ಸಮುದ್ರದಿಂದ ಹೊರಟು ಘಟ್ಟ ಹತ್ತಿ ಮಳೆ ಸುರಿಸಿ, ನಮ್ಮ ಕಡೆ ಬರುವಷ್ಟರಲ್ಲಿ ಕೈ ಬರಿದು ಮಾಡಿಕೊಂಡಿರುತ್ತದೆ ಎಂದು ಹೇಳಿ ಉಸಿರೆಳೆದುಕೊಳ್ಳಲು ನಿಂತೆ. ಎದುರಿನಿಂದ 'ಹೂಂ' ಎಂಬ ದನಿ ಕೇಳಿತು. ಬೆಚ್ಚಿದೆ, ಆದರೆ ಮುಂದುವರಿಸಿದೆ. ಮುಂದಿನ ನಿಲುಗಡೆಯಲ್ಲಿ ಇನ್ನೊಂದು ಹೂಂ. ಏನು ಹೇಳಲಿ, ಬಾಡಿದ ಗಿಡದ ಬುಡಕ್ಕೆ ಒಂದು ತಂಬಿಗೆ ನೀರು ಬಿದ್ದ ಹಾಗಾಯಿತು. ತರಗತಿ ಮುಗಿದ ಮೇಲೆ ಅತ್ತೆಯವರು ಸಮಜಾಯಿಷಿ ಕೊಟ್ಟರು.

"ಅಲ್ಲವಾ, ಅಷ್ಟೊತ್ತಿಂದ ಒಬ್ಬಾಕಿನ ಮಾತಾಡಾಕತ್ತಿ, ಆ ಕಡಿಂದ ಒಬ್ಬರರ ಹೂಂ ಅನ್ನವಲ್ರು. ಕೇಳಿ ಸುಮ್ನ ಕುಂದ್ರಾಕ ಮನಸ್ಸು ಆಗಲಿಲ್ಲ ನನಗ."

ಮರುದಿನದ ತರಗತಿಯ ಆರಂಭದಲ್ಲೇ ಶಿವಲೀಲಾಳ ಮೈಕು ತೆರೆಯಿತು. ಆ ತರಗತಿಯಲ್ಲಿ ನನಗೆ ಬಂದ ಮೊಟ್ಟಮೊದಲ ಪ್ರಶ್ನೆ ಅದು, ಮಾರುತಗಳಿಗೆ ಸಂಬಂಧಿಸಿದ್ದಲ್ಲ.

"ಮೇಡಂ, ನಿನ್ನೆ ಹೂಂ ಅನ್ನಾಕತ್ತಿದ್ರಲ್ರಿ, ಅವ್ರು ಯಾರ್ರಿ?"

ನಮ್ಮ ಅತ್ತೆ ಎಂದೆ. ಅಜ್ಜಿ ಇವತ್ತೂ ಕೂರುತ್ತಾರೇನೆಂದು ಇನ್ನೊಬ್ಬರು ಕೇಳಿದರು. ಆ ಗಳಿಗೆಯಿಂದ ನನ್ನ ತರಗತಿಗೆ ಒಬ್ಬ ಸಹಪ್ರಾಧ್ಯಾಪಕಿ ಸಿಕ್ಕಿದರು. ಅವರು ವಿಷಯವನ್ನು ಎಷ್ಟು ಗ್ರಹಿಸುತ್ತಿದ್ದರೋ ನಾನು ಪರೀಕ್ಷೆ ಮಾಡಿಲ್ಲ, ಮಾಡುವ ಧೈರ್ಯವೂ ಇಲ್ಲ; ಆದರೆ ನಾನು ಪುಸ್ತಕ ನೋಡಿ ಓದತೊಡಗಿದರೆ ಹೂಂ ನಿಲ್ಲುತ್ತಿತ್ತು, ತಲೆ ಒಂದು ಬದಿಗೆ ವಾಲುತ್ತಿತ್ತು. ಬಾಯಲ್ಲಿನ ಎಲೆ ಮುಗಿದು ಅವರು ಅಂಗಳಕ್ಕೆ ಎದ್ದುಹೋದರೂ ಹೂಂ ನಿಲ್ಲುತ್ತಿತ್ತು. ಆನ್‌ಲೈನ್ ಪಾಠವನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಮುರಿಯಬೇಕೆಂದು ತರಬೇತಿಯಲ್ಲಿ ಹೇಳಿದ್ದರು; ಎಷ್ಟು ಚಿಕ್ಕದೆಂಬುದನ್ನು ನಾನು ಅತ್ತೆಯವರ ಎಲೆಯಿಂದ ಅಳೆದುಕೊಂಡೆ. ಒಂದು ಎಲೆಗೆ ಒಂದು ವಿಷಯ, ಆಮೇಲೆ ಒಂದು ಪ್ರಶ್ನೆ, ಒಬ್ಬರ ಹೆಸರು ಹಿಡಿದು. ಬಿಟ್ಟುಹೋದ ಚೌಕಗಳು ಕೆಲವು ಮರಳಿ ಬಂದವು. ನನ್ನ ವಿದ್ವತ್ತಿಗಾಗಿ ಬಂದವೆಂದು ನಂಬಲು ಬಹಳ ಪ್ರಯತ್ನಿಸಿದೆ, ಆಗಲಿಲ್ಲ.

ಆದರೂ ಪ್ರಾಂಶುಪಾಲರಿಗೆ ಹಳೆಯ ಹಾಜರಾತಿಯದೇ ಚಿಂತೆ. ಒಂದು ದಿನ ತರಗತಿಗೆ ತಾವೂ ಸೇರಿಕೊಂಡು ನೋಡುವುದಾಗಿಯೂ, ಪತ್ರಿಕೆ ಉಳಿಸುವುದೋ ಮುಚ್ಚುವುದೋ ಆಮೇಲೆ ನಿರ್ಧರಿಸುವುದಾಗಿಯೂ ತಿಳಿಸಿದರು. ಅದರ ಹಿಂದಿನ ಸಂಜೆಯೇ ಅತ್ತೆಯವರ ದವಡೆಹಲ್ಲು ತಕರಾರು ತೆಗೆಯಬೇಕೆ! ಹಲ್ಲು ಕಿತ್ತ ಡಾಕ್ಟರು ಮಾರನೆಯ ದಿನವೆಲ್ಲ ಎಲೆಯಡಿಕೆ ಕೂಡದು, ಮಾತೂ ಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದರು. ಬೆಳಿಗ್ಗೆ ಅತ್ತೆಯವರು ಊದಿದ ಕೆನ್ನೆಯೊಳಗೆ ಹತ್ತಿಯಿಟ್ಟುಕೊಂಡು, ತಪ್ಪದೆ ತಮ್ಮ ಜಾಗದಲ್ಲಿ ಬಂದು ಕುಳಿತರು. ಅವರ ನಿಷ್ಠೆಗೆ ನನಗೆ ಕಣ್ಣು ತುಂಬಿತು.

ಕೆರೆಗಳ ಪಾಠ. ಮಾಸೂರಿನ ಮದಗದ ಕೆರೆಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೆ. ಪರದೆಯ ಮೂಲೆಯಲ್ಲಿ ಪ್ರಾಂಶುಪಾಲರ ಹೆಸರಿನ ಚೌಕ. ಹರಿಯುವ ನೀರಿಗೆ ಗುಡ್ಡಗಳೇ ಎರಡು ಕಡೆಯ ಗೋಡೆಯಾದಾಗ, ಕಟ್ಟುವವರಿಗೆ ಉಳಿದದ್ದು ನಡುವಿನ ಕಂಡಿಯನ್ನು ಮುಚ್ಚುವ ಕೆಲಸ ಎಂದು ಹೇಳಿ ಅಭ್ಯಾಸಬಲದಿಂದ ನಿಂತೆ. ಹೂಂ ಬರಲಿಲ್ಲ. ಅತ್ತೆಯವರು ಕೆನ್ನೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ಆ ನಿಶ್ಶಬ್ದದಲ್ಲಿ ಮೊದಲ ವಾರದ ಕಪ್ಪು ಗೋಡೆ ಮತ್ತೆ ಎದ್ದು ನಿಂತಂತಾಗಿ, ಮುಂದಿನ ವಾಕ್ಯವೇ ನನಗೆ ಮರೆತುಹೋಯಿತು.

"ಹೂಂ ರೀ," ಎಂದಿತು ಒಂದು ದನಿ. ಶಿವಲೀಲಾ. ಅಜ್ಜಿಯ ಹೂಂ ಬಾರದ್ದನ್ನು ಗಮನಿಸಿ ಖಾಲಿ ಜಾಗವನ್ನು ತಾನು ತುಂಬಿದ್ದಳು. ಮುಂದಿನ ನಿಲುಗಡೆಗೆ ಶಿಗ್ಗಾಂವಿ ಕಡೆಯ ಹಿರೇಬೆಂಡಿಗೇರಿಯಿಂದ ಒಂದು ಹೂಂ, ಹಿನ್ನೆಲೆಯಲ್ಲಿ ಎಮ್ಮೆಯ ಕೂಗಿನ ಸಮೇತ. ಬಸ್ಸಿನ ಸದ್ದಿನೊಳಗಿಂದ ಸವಣೂರಿನ ಹೂಂ. ಹೂಂಗಳ ನಡುವೆ ನಾನು ಕೆರೆಯ ಏರಿಯ ಮೇಲೆ ನಡೆದಾಡಿಕೊಂಡಿದ್ದೆ ಅನ್ನಿ. ಒಂದು ಸಲ ಗಂಭೀರವಾದ, ಒಳ್ಳೆಯ ತೂಕದ ಹೂಂ ಒಂದು ಬಂತು. ಯಾರದೆಂದು ನೋಡಿದರೆ ಪ್ರಾಂಶುಪಾಲರ ಚೌಕ ಮಿನುಗುತ್ತಿತ್ತು. ಮೈಮರೆತು ಹೇಳಿದ್ದಿರಬೇಕು, ತಕ್ಷಣ ಮೈಕು ಮುಚ್ಚಿಕೊಂಡರು.

ಹೊತ್ತು ಮುಗಿಯಿತು. ತೂಬಿನ ಬಾಯಿಯವರೆಗೆ ನೀರನ್ನು ತಂದು, ಉಳಿದದ್ದು ನಾಳೆಗೆ ಎಂದು ಪುಸ್ತಕ ಮುಚ್ಚಿದೆ. ಆಗ ಎದುರಿನಿಂದ, ಹತ್ತಿಯನ್ನು ತೂರಿಕೊಂಡು, ಡಾಕ್ಟರ ಆಜ್ಞೆಯನ್ನು ಮುರಿದುಕೊಂಡು ಒಂದು ಮಾತು ಬಂತು.

"ಮುಂದ?"

ತರಗತಿ ಮುಗಿಯಿತು ಅತ್ತಿ ಎಂದೆ.

"ಅದು ಮುಗೀಲಿ. ತೂಬಿನಿಂದ ನೀರು ಎಲ್ಲಿಗೆ ಹೋತು ಅನ್ನೂದನ್ನ ಹೇಳು. ನಮ್ಮ ಹೊಲ ಇನ್ನಾ ಬಂದ ಇಲ್ಲ."

ಲ್ಯಾಪ್‌ಟಾಪು ಮುಚ್ಚಿರಲಿಲ್ಲ, ಒಬ್ಬರೂ ಎದ್ದುಹೋಗಿರಲಿಲ್ಲ, ಪ್ರಾಂಶುಪಾಲರೂ ಸಹ. ನಾನು ಪುಸ್ತಕ ತೆರೆಯದೆ, ನೀರನ್ನು ಕಾಲುವೆಗೆ ಇಳಿಸಿ, ಕಾಲುವೆಯಿಂದ ಗದ್ದೆಗೆ ಹಾಯಿಸಿ, ಅತ್ತೆಯವರು ಹುಡುಗಿಯಾಗಿ ಆಡಿದ ಹೊಲದ ಬದುವಿನವರೆಗೆ ತಂದು ಬಿಟ್ಟೆ. ಅವರು ಊದಿದ ಕೆನ್ನೆಯಲ್ಲೇ ನಕ್ಕರು. ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನನ್ನ ಮಾತಿಗಾಗಿ ಅವರು ನಕ್ಕದ್ದು ಅದೇ ಮೊದಲು ಎಂದು ತೋರುತ್ತದೆ.

ಪತ್ರಿಕೆ ಉಳಿಯಿತು. ಮುಂದಿನ ವರ್ಷವೂ ನಡೆಯಲಿ ಎಂದರು ಪ್ರಾಂಶುಪಾಲರು. ತಮ್ಮ ಹೂಂ ಬಗ್ಗೆ ಅವರೂ ಮಾತೆತ್ತಲಿಲ್ಲ, ನಾನೂ ಕೆದಕಲಿಲ್ಲ. ಈಗ ಹೊಸ ಅಧ್ಯಾಪಕರಿಗಾಗಿ ಸಲಹೆಗಳನ್ನು ಬರೆದುಕೊಂಡು ಕುಳಿತಿದ್ದೇನೆ: ಬೆಳಕು ಎದುರಿಗಿರಲಿ, ಫೋನು ತುಂಬ ಚಾರ್ಜಿರಲಿ, ಪಾಠ ಎಲೆಯಷ್ಟಿರಲಿ, ಪ್ರಶ್ನೆ ಹೆಸರು ಹಿಡಿದು ಕೇಳಿದ್ದಾಗಿರಲಿ. ಇವನ್ನು ಯಾರು ಬೇಕಾದರೂ ಹೇಳಿಯಾರು. ಕ್ಯಾಮೆರಾದ ಆಚೆ ನಿಮ್ಮ ಮುಖ ನೋಡುತ್ತ ಯಾರಾದರೂ ಒಬ್ಬರು ಕೂರಲಿ ಎಂಬುದೊಂದೇ ನನ್ನ ಸ್ವಂತದ್ದು, ಅದೂ ಎರವಲು ಪಡೆದದ್ದು. ಅಗ್ಗದ ಮಾತೆಂದು ಮೊದಲಲ್ಲಿ ಬರೆದದ್ದನ್ನು ಹೊಡೆದುಹಾಕಬೇಕೆನಿಸುತ್ತಿದೆ. ಆ ಮಕ್ಕಳಿಗೆ ನಾನು ಋಣಿ, ಈ ಹಿರಿಯ ಜೀವಕ್ಕೆ ಇನ್ನೂ ಹೆಚ್ಚು ಋಣಿ.

ಬರೆದಷ್ಟನ್ನು ಈಗತಾನೇ ಅತ್ತೆಯವರಿಗೆ ಓದಿ ಹೇಳಿದೆ. ಉದ್ದಕ್ಕೂ ಹೂಂಗುಟ್ಟಿದರು. ಮುಗಿಯಿತೆಂದು ಕನ್ನಡಕ ತೆಗೆದಿಟ್ಟೆ. ಅವರು ಹೊಸ ಎಲೆಯೊಂದಕ್ಕೆ ಸುಣ್ಣ ಸವರಿ, ಬಾಯಿಗಿಡದೆ ನನ್ನ ಕಡೆ ಚಾಚಿದರು.

"ದಣದಿ. ಬಾಯಿಗೆ ಹಾಕ್ಕೊ. ಇನ್ನ ನಾ ಮಾಸೂರಿಂದು ಹೇಳ್ತೇನಿ, ನೀ ಹೂಂ ಅನ್ನು."