ಭಾವ ಕಾದ ಎರಡು ಸೀಸೆಗಳು

ನನ್ನ ಅಕ್ಕನ ಗಂಡ, ಅಂದರೆ ಭಾವ, ಇಪ್ಪತ್ತೆಂಟು ವರ್ಷ ಕಾದದ್ದು ಪ್ರಯೋಗಾಲಯದ ಒಂದು ಫ್ರೀಜರನ್ನು. ರೋಗಿಗಳ ಗಂಟಲಿನಿಂದ ತೆಗೆದ ವೈರಸ್‌ಗಳು ಅದರಲ್ಲಿ ಬೆರಳುದ್ದದ ಸೀಸೆಗಳಲ್ಲಿ, ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ, ಮಲಗಿರುತ್ತಿದ್ದವು. ದಿನಕ್ಕೆ ನಾಲ್ಕು ಸಲ ಉಷ್ಣತೆ ಬರೆದಿಡುವುದು ಭಾವನ ಕೆಲಸ.

"ಹೇಗಿರುತ್ತೆ ಅದು?" ಎಂದು ಹಿಂದೊಮ್ಮೆ ಕೇಳಿದ್ದೆ.

"ಹೊರಗೆ ಕೊಬ್ಬಿನ ಚೀಲ, ಮೇಲೆ ಮುಳ್ಳು. ಒಳಗೆ ಒಂದೇ ಒಂದು ದಾರ, ಅದರ ತುಂಬ ಅಕ್ಷರ. ಸ್ವಂತ ಅಡುಗೆಯಿಲ್ಲ. ನಿನ್ನ ಹಾಗೇ, ಬೇರೆಯವರ ಮನೇಲಿ ಕೂತು ಬೆಳೆಯೋದು."

"ಫ್ರೀಜರಲ್ಲಿ ಸತ್ತಿರುತ್ತಾ?"

"ಬದುಕಿದ್ರೆ ತಾನೇ ಸಾಯೋದಕ್ಕೆ."

ಒಳಗಿದ್ದ ಅಕ್ಕ ನಕ್ಕದ್ದು ನೆನಪಿದೆ. ಆರು ವರ್ಷದ ಹಿಂದೆ ಇಬ್ಬರಿಗೂ ಒಂದೇ ವಾರದಲ್ಲಿ ಜ್ವರ ಬಂತು. ಭಾವ ಎದ್ದರು, ಅಕ್ಕ ಏಳಲಿಲ್ಲ. ಇಬ್ಬರ ಗಂಟಲಿನಿಂದ ತೆಗೆದ ಸೀಸೆಗಳೂ ಮೂರನೆಯ ಖಾನೆಯಲ್ಲಿ ಅಕ್ಕಪಕ್ಕ ಕೂತವು. ಆಮೇಲೆ ಭಾವ ರಜೆಯಲ್ಲೂ ಹೋಗತೊಡಗಿದರು. ಫ್ರೀಜರ್ ಗುಂಯ್ ಎನ್ನುವುದು ಕೇಳದ ಮನೆಯಲ್ಲಿ ಕೂರಲಾಗದಂತೆ.

ಕಳೆದ ತಿಂಗಳು ಹಳೆಯ ಸೀಸೆ, ಕಾಗದಗಳನ್ನೆಲ್ಲ ನಾಶ ಮಾಡಬೇಕೆಂಬ ಆದೇಶ ಬಂತು. ಮರುದಿನ ಮಧ್ಯಾಹ್ನ ಭಾವ ನನ್ನನ್ನು ಫ್ರೀಜರಿನ ಕೋಣೆಗೆ ಕರೆಸಿ ಮೂರು ಕಟ್ಟು ಕಾಗದ ಮುಂದಿಟ್ಟರು. ಒಂದೊಂದರಲ್ಲಿ ಮೂವತ್ತು ಸಾವಿರ ಅಕ್ಷರ: ಆಗ ಊರಲ್ಲಿ ಹರಡಿದ್ದ ವೈರಸ್‌ನದು, ತಮ್ಮ ಸೀಸೆಯದು, ಅಕ್ಕನ ಸೀಸೆಯದು.

"ನೀನು ಕರಡು ತಿದ್ದೋನು. ಹೋಲಿಸು. ಅದು ತನ್ನನ್ನ ನಕಲು ಮಾಡ್ಕೊಳ್ಳುವಾಗ ಒಮ್ಮೊಮ್ಮೆ ಅಕ್ಷರ ತಪ್ಪುತ್ತೆ. ಊರಿನದರಲ್ಲಿ ಇಲ್ಲದ ಹೊಸ ತಪ್ಪು ಇರೋದು ಆಮೇಲಿನ ಪ್ರತಿ. ನನ್ನದರಲ್ಲಿದ್ರೆ ಅವಳಿಂದ ನನಗೆ ಬಂದಿರಬೇಕು. ಅವಳದ್ದರಲ್ಲಿದ್ರೆ, ನಾನೇ ಇಲ್ಲಿಂದ ಹೊತ್ಕೊಂಡು ಹೋಗಿರಬೇಕು."

"ಕಂಪ್ಯೂಟರ್ ಕ್ಷಣದಲ್ಲಿ ಹೇಳುತ್ತಲ್ಲ ಭಾವ?"

"ಅದಕ್ಕೆ ಮುಖ ನೋಡಿ ಹೇಳೋದು ಗೊತ್ತಿಲ್ಲ."

ನಾಲ್ಕೇ ಅಕ್ಷರಗಳ ಭಾಷೆ ಅದು. ನಾನೋ, ಐವತ್ತು ಅಕ್ಷರ ಕೈಯಲ್ಲಿದ್ದೂ ಒಂದು ಮದುವೆ ಆಮಂತ್ರಣದಲ್ಲಿ ವಧುವಿನ ಹೆಸರನ್ನೇ ಬಿಟ್ಟವನು. ಆದರೂ ಬೆರಳಿಟ್ಟು ಓದಿದೆ. ಹನ್ನೊಂದನೆಯ ಹಾಳೆಯಲ್ಲಿ ಒಂದು ಅಕ್ಷರ ಬೇರೆ ಇತ್ತು. ಅದು ಅಕ್ಕನ ಪ್ರತಿ. ಭಾವನದು ಶುದ್ಧವಾಗಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ, ತಪ್ಪು ಕಂಡೂ ಗುರುತು ಹಾಕದೆ ಹಾಳೆ ತಿರುವಿದೆ.

"ಎರಡೂ ಒಂದೇ ಥರ ಇವೆ ಭಾವ."

"ಬೆರಳು ಒಂದು ಕಡೆ ನಿಂತಿತಲ್ಲ."

"ನೊಣ ಕೂತಿತ್ತು."

ಆ ಕೋಣೆಗೆ ಬರಲು ನೊಣ ಮೂರು ಬಿಗಿ ಬಾಗಿಲು ದಾಟಬೇಕು. ಭಾವ ನನ್ನ ಮುಖ ನೋಡಿದರು. ಎರಡು ಸೀಸೆಗಳನ್ನೂ ತೆಗೆದು ಒಂದೇ ತಟ್ಟೆಯಲ್ಲಿಟ್ಟು, ಬಿಸಿ ಹಬೆಯ ಯಂತ್ರದೊಳಗೆ ತಳ್ಳಿದರು.

"ಯಾರ ಹಾಳೆ ಮೇಲೆ ಕೂತಿತ್ತು, ನೊಣ?"

"ನಿಮ್ಮದರ ಮೇಲೆ."

"ಆ ತಿಂಗಳೆಲ್ಲ ಅವಳು ಹೊಸ್ತಿಲು ದಾಟಿರಲಿಲ್ಲ ಕಣೋ," ಎಂದು ಭಾವ ಯಂತ್ರದ ಬಾಗಿಲು ಮುಚ್ಚಿದರು. ಹಿಂದೆ ಫ್ರೀಜರ್ ಗುಂಯ್ ಎನ್ನುತ್ತಲೇ ಇತ್ತು. ಗಡಿಯಾರ ನೋಡಿಕೊಂಡು, ಉಷ್ಣತೆ ಬರೆಯಲು ಹೋದರು.